ಹದಿಮೂರನೇ ಫಾರಮು

ನಮ್ಮದು ಜೀನಗಾರರ ಮನಿ.
ಕುದುರಿಗೆ ಜೀನು ಹೊಲಿದವ ಮುತ್ತ್ಯಾ.
ಕುದುರಿ ಹೋದ ಮ್ಯಾಲ ಅದೇ ದಬ್ಬಳ ಹಿಡಿದು
ಅಪ್ಪ ಭೀಮೋಜಿ ಪುಸ್ತಕ ಹೊಲಿದ.
ರಾಯಚೂರು, ತೀನ್ ಕಂದೀಲಿನ ಹಿಂದ, ಆರು ಮೊಳದ ಅಂಗಡಿ.
ಕೋರ್ಟಿನ ಕಡತ, ಗಂಜಿನ ಖಾತೆ, ವಾಚನಾಲಯದ ಹರಕು ಕಾದಂಬರಿ,
ಎಲ್ಲಕ್ಕೂ ಒಂದೇ ಸೂಜಿ, ಒಂದೇ ಮೇಣ.
ಅಪ್ಪಗ ಅಕ್ಷರ ಬರ್ತಿರಲಿಲ್ಲ. ಅಂಕಿ ಬರ್ತಿತ್ತು.

ಹತ್ತೊಂಬತ್ತರಾಗ ನನ್ನ ತೊಡಿ ಮ್ಯಾಲ ಬಂತು ಆ ಪುಸ್ತಕ.
‘ಬರೆದವರು: ಓರ್ವ ಕುಟುಂಬಸ್ಥ ಸ್ತ್ರೀ.’
ಹೆಸರು ಹೇಳಲಿಕ್ಕೂ ಅಪ್ಪಣಿ ಸಿಕ್ಕಿರಲಿಲ್ಲೇನೋ ಆ ತಾಯಿಗೆ.
ಒಳಗ ವಿಶಾಲಾಕ್ಷಿ. ಹುಡುಗ್ಯಾರಿಗೆ ಸಾಲಿ ಕಲಿಸಾಕಿ.
ಪಗಾರ ಎಂಟು ರೂಪಾಯಿ, ಏಳು ಅಣ್ಣನ ಕೈಗೆ,
ಒಂದು ಜ್ವಾಳದ ಗಡಿಗಿ ತಳಕ್ಕ.
ಆ ಒಂದರ ಸಪ್ಪಳ
ಓದಿದ ರಾತ್ರಿ ಎಲ್ಲಾ ನನ್ನ ಕಿವಿಯಾಗ.

ನೂರಾ ತೊಂಬತ್ತೆರಡನೇ ಪುಟದ ಕಡೀ ಸಾಲು:
‘ವಿಶಾಲಾಕ್ಷಿಯು ಕಾಗದವನ್ನು ಮಡಚಿ,
ಬೀಗರ ಮುಖವನ್ನು ನೆಟ್ಟಗೆ ನೋಡಿ, ನಾನು’
ಅಷ್ಟೇ.
ಮುಂದ ರಟ್ಟು.
ಹದಿಮೂರನೇ ಫಾರಮು ಇಲ್ಲ. ಹದಿನಾರು ಪುಟ ಇಲ್ಲ.

ಅದೇ ವಾರ ಮಾನ್ವಿಯಿಂದ ಗಂಡು ಬಂದಿತ್ತು,
ಹತ್ತಿ ಮಿಲ್ಲಿನ ಗುಮಾಸ್ತ, ಸಖಾರಾಮ.
ಕೆಟ್ಟವನಲ್ಲ. ಕುಡಿದ ಲೋಟ ತಾನೇ ಒಳಗ ತಂದಿಟ್ಟ.
ಅವನವ್ವ ಕೇಳಿದಳು: ‘ಹುಡುಗಿ ಸೂಜಿ ಬಿಡ್ತಾಳಲ್ಲಾ?’
ಎಲ್ಲಾರೂ ನನ್ನ ಕಡೆ ನೋಡಿದರು.
ನಾನು, ಅಂದೆ.
ಆ ಸಾಲು ಯಾರರ ಮುಗಿಸಬೇಕಿತ್ತು.
ಒಲ್ಲೆ, ಅಂದೆ.

ಮೂವತ್ತೆಂಟು ವರ್ಷ.
ಅಪ್ಪ ಹೋದ. ಅಂಗಡಿ ಬಾಡಿಗಿ ನನ್ನ ಹೆಸರಿಗೆ ಬಂತು.
ಕರಪತ್ರ ಬಂದವು, ಕಂಪ್ಯೂಟರ್ ಬಿಲ್ಲು ಬಂದವು,
ಗಂಜಿನವರು ಖಾತೆ ಹೊಲಿಸೋದು ಬಿಟ್ಟರು.
ಜ್ವರ ಬಂದಾಗ ಗಂಜಿ ಕಾಸಿದವಳು ಎದುರಂಗಡಿ ಮುನೀರಾ,
ಬೈಕೋತ ಕಾಸಿದಳು.

ಮೊನ್ನೆ ಒಂದು ಹಳೇ ಪಂಚಾಂಗ ಬಂತು, ಅಪ್ಪನ ಕೈಯ ಹೊಲಿಗಿ.
ನೀರಾಗ ನೆನಸಿ ರಟ್ಟು ಬಿಚ್ಚಿದೆ.
ಪದರದೊಳಗ, ಗಂಜಿ ಹತ್ತಿ, ಮಡಚಿದ ಮಡಿಕಿ ಹಂಗೇ,
೧೯೩.

ಗೊತ್ತಿಲ್ಲದೆ ತುರುಕಿದನೋ,
ಅಂಕಿ ಗೊತ್ತಿದ್ದವ, ಗೊತ್ತಿದ್ದೇ ತುರುಕಿದನೋ.
ಕೇಳೋಣಂದ್ರ ಗ್ವಾಡಿಗೆ ತೂಗ್ಯಾನ.

‘ಒಪ್ಪಿದೆನು ಎಂದಳು.’

ಒಪ್ಪಿದಳು ನೋಡ್ರಿ!
ಆಮ್ಯಾಲ ಹನ್ನೊಂದು ಪುಟ ಮದುವಿ:
ಸೀರಿ ಅಂಚು, ಬುಂದೆ ಉಂಡಿ, ಬೀಗಿತ್ತಿಯ ಮುನಿಸು.
ನಾ ನಕ್ಕೆ. ಆಮ್ಯಾಲ ಅಂಗಡಿ ಬಾಗಿಲು ಹಾಕಿ
ಸ್ವಲ್ಪ ಹೊತ್ತು ಸುಮ್ಮನ ಕೂತೆ.
ಕಡೀ ಪುಟದಾಗ ಒಂದು ಪಟ್ಟಿ ಇತ್ತು,
ಎಡಕ್ಕ ತಪ್ಪು, ಬಲಕ್ಕ ಒಪ್ಪು.
ಬೆರಳಿಟ್ಟು ಹುಡುಕಿದೆ. ‘ಮೃದು’ ಅಲ್ಲ ‘ಮೃದ್ದು’,
‘ಕಮಲಿನಿ’ ಅಲ್ಲ ‘ಕಾಮಿನಿ’... ಉಲ್ಟಾ ಓದ್ತಿದ್ದೆ, ಕಣ್ಣು ಮಂಜು.
ನೂರಾ ತೊಂಬತ್ತಮೂರು, ಮೊದಲನೇ ಸಾಲು,
ಅದು ಮಾತ್ರ ಪಟ್ಟಿಯೊಳಗಿಲ್ಲ.

ಒಂದು ವಾಕ್ಯ ಇತ್ತು, ಊಟದ ವರ್ಣನಿ ನಡುವ,
ಯಾರೂ ನೋಡಬಾರದು ಅನ್ನೋಹಂಗ:
‘ಹೊರಡುವಾಗ ಗಡಿಗೆಯನ್ನು ತಾನೇ ಎತ್ತಿಕೊಂಡಳು.’
ಆಕಿಗೆ ಸಾಧ್ಯ ಆಗಿದ್ದು ಅಷ್ಟು.
ಬರೆದಾಕಿಗೋ, ವಿಶಾಲಾಕ್ಷಿಗೋ.

ಹೊಲಿದೆ. ಅಂಕಿ ತಪ್ಪಬಾರದು, ಅಪ್ಪನ ಮಾತು.
ಐದು ತೂತು, ಮೇಣದ ದಾರ, ಕಡೀಗೆ ಗಂಟು.

ಕಾಲೇಜಿನ ಹುಡುಗಿ ಬಂದಿತ್ತು ನಿನ್ನೆ, ಒಯ್ಯಲಿಕ್ಕೆ,
ಅಂಗೈ ಮೆಹಂದಿ ಇನ್ನೂ ಕೆಂಪು, ನಿಶ್ಚಯ ಆಗೇದಂತ.
ಒಂದು ಮಾತು ಹೇಳಿ ಕೊಟ್ಟೆ:
ನೂರಾ ತೊಂಬತ್ತೆರಡಕ್ಕ ನಿಲ್ಲು, ತಂಗಿ.
ನಿಂತು, ಇಲ್ಲಿಗೆ ಬಂದು ಒಂದು ಚಾ ಕುಡಿ.
ಆಮ್ಯಾಲ ಹಾಳಿ ತಿರುವು.