ಊಟ ಆಯ್ತಾ

ಮಹಡಿ ಮನೆಗೆ ಐನೊ ಬಾಡಿಗೆಗೆ ಬಂದ ಮೊದಲ ವಾರ
ಗೋಣಿಕೊಪ್ಪದಲ್ಲಿ ಎಲ್ಲರದೂ ಒಂದೇ ಮಾತು, ಊಟ ಆಯ್ತಾ?
ಹಾಲಿನವನು, ಆಟೊದ ಸುಬ್ಬಯ್ಯ, ಔಷಧಿ ಅಂಗಡಿಯ ಹುಡುಗಿ.
ಆಕೆ ನಿಂತು, ಬ್ಯಾಗು ಕೆಳಗಿಟ್ಟು, ಲೆಕ್ಕ ಒಪ್ಪಿಸುತ್ತಿದ್ದಳು:
ಇಲ್ಲ. ಒಂದು ಮೊಟ್ಟೆ. ಅರ್ಧ ಬಾಳೆಹಣ್ಣು.

ಒಂದು ಸಂಜೆ ನನ್ನನ್ನೇ ಕೇಳಿದಳು,
ಅಷ್ಟು ಸೊರಗಿ ಕಾಣ್ತೀನಾ?

ಬೊಳ್ಳವ್ವ ನಕ್ಕು, ಬಿಸಿ ಕಡಂಬುಟ್ಟು ಬಡಿಸಿ,
ತಿಂದೆದ್ದು ‘ಹೋಗ್ತೀನಿ’ ಅಂದಿದ್ದಕ್ಕೆ ಬೈದಳು.
ಹೊರಟವರು ಬರ್ತೀನಿ ಅನ್ನಬೇಕು.
ಹೋಗುವವಳು ಬರುವುದು ಹೇಗೆ?
ಐವತ್ತು ವರ್ಷ ಅಂದುಕೊಂಡೇ ಬಂದವಳು ನಾನು,
ಉತ್ತರ ಹೊಳೆಯಲಿಲ್ಲ.

ಈಗ ಮೂರನೇ ವರ್ಷ.
ಮಡಿಕೇರಿಯ ಕಚೇರಿಯಲ್ಲಿ ಅವಳ ಕಾಗದಕ್ಕೆ ಮತ್ತೊಂದು ಮುದ್ರೆ ಬಿದ್ದಿದೆ.
ಗುಮಾಸ್ತನನ್ನು ಇವಳೇ ಮೊದಲು ಕೇಳಿದಳಂತೆ,
ಊಟ ಆಯ್ತಾ ಸಾರ್?

ನಿನ್ನೆ ರಾತ್ರಿ ಮೇಲೆ ಫೋನು, ಅವಳ ಭಾಷೆ,
ನನಗೆ ಒಂದಕ್ಷರ ತಿಳಿಯದು.
ಆಮೇಲೆ ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು.
‘ಅಮ್ಮನಿಗೆ ಊಟ ಆಯ್ತಾ ಅಂದೆ.
ಬಹಳ ಹೊತ್ತು ಸದ್ದಿಲ್ಲ.
ನನಗೆ ಹುಷಾರಿಲ್ಲ ಅಂತ
ನಿನಗೆ ಯಾರು ಹೇಳಿದ್ರು, ಅಂದಳು.’

ನನ್ನ ಬಾಯಿಗೆ ಬಂದದ್ದೂ ಅದೊಂದೇ ಮಾತು.
ನುಂಗಿಕೊಂಡೆ.
ಒಳಗೆ ಹೋಗಿ
ಇನ್ನೊಂದು ಲೋಟ ಅಕ್ಕಿ ತೊಳೆದೆ.