ಬೊಳ್ಳಿ

ಕೊಡವ ತಕ್ಕ್‌ನಲ್ಲಿ ಬೊಳ್ಳಿ ಅಂದರೆ ಬೆಳ್ಳಿ.
ಹುಟ್ಟಿದ ಮೂರನೇ ದಿನ ಅಜ್ಜಿ
ನನ್ನನ್ನು ಬಾಗಿಲ ಬೆಳಕಿಗೆ ಹಿಡಿದು
ಬೊಳ್ಳಮ್ಮ ಅಂದಳಂತೆ.
ಅಲ್ಲಿಂದ ಐವತ್ತೊಂದು ವರ್ಷ
ಹೆಸರಿನ ಮೇಲೆ ಬಿಸಿಲು ಬೀಳದಂತೆ ನೋಡಿಕೊಂಡೆ,
ಕಾಫಿ ಕಣದಲ್ಲೂ ಕೊಡೆ.

ಮೊದಲ ಸುತ್ತಿಗೆ ನಾಲಿಗೆಯ ಅಂಚಿನಲ್ಲಿ ಚುಕ್ಕೆ,
ನೇರಳೆ ತಿಂದವಳ ಹಾಗೆ.
ಎರಡನೆಯದಕ್ಕೆ ಅಂಗೈ:
ಆಯುಷ್ಯದ ಗೆರೆಯನ್ನು ಯಾರೋ ಪೆನ್ನು ಹಿಡಿದು
ಮೇಲಿಂದ ಮೇಲೆ ತಿದ್ದಿದ ಹಾಗೆ.
ಸೂಜಿ ಹಾಕಿದ ನರದ ಗುಂಟ
ಮುಂಗೈಯಲ್ಲೊಂದು ಕಂದು ಕಾಲುದಾರಿ,
ಮೊಣಕೈ ತನಕ ಹೋಗಿ ನಿಂತಿದೆ.
"ಔಷಧಿಯದು, ನಿಧಾನಕ್ಕೆ ಹೋಗುತ್ತೆ" ಅಂದರು
ಮಡಿಕೇರಿಯ ಡಾಕ್ಟರು, ಕಡತದಿಂದ ತಲೆ ಎತ್ತದೆ.
ಎಷ್ಟು ನಿಧಾನ ಎಂದು ಕೇಳಲಿಲ್ಲ.
ಕೇಳಬೇಕಾದ್ದು ಬೇರೆ ಇತ್ತು.
ಅದನ್ನೂ ಕೇಳಲಿಲ್ಲ.

ಬೆಳ್ಳಿ ಕಪ್ಪಾದರೆ ವಿಭೂತಿ ಹಾಕಿ ಉಜ್ಜುತ್ತೇವೆ.
ನಾನೂ ಉಜ್ಜಿದೆ ಒಂದು ರಾತ್ರಿ. ಕಡಲೆಹಿಟ್ಟು, ನಿಂಬೆ,
ಕೊನೆಗೆ ಪಾತ್ರೆ ತಿಕ್ಕುವ ನಾರು.
ಚರ್ಮ ಬಂತು. ಬಣ್ಣ ಬರಲಿಲ್ಲ.

ನಾರು ಕಿತ್ತುಕೊಂಡವಳು ದೇಚಮ್ಮ, ತಮ್ಮನ ಹೆಂಡತಿ.
ಅವಳನ್ನು ನೋಡಲು ಬಾಳೆಲೆಗೆ ಹೋಗಿದ್ದ ದಿನ
ಜೀಪು ಹತ್ತಿ ಕೂತು ನಾನೇ ಅಂದಿದ್ದೆ:
"ಎಲ್ಲಾ ಸರಿ, ಬಣ್ಣ ಒಂದು ಚೂರು ಇಳಿದಿದೆ."
ಇಂಜಿನ್ ಇನ್ನೂ ಶುರುವಾಗಿರಲಿಲ್ಲ.
ಶುರುವಾಗಿತ್ತು ಎಂದೇ
ಇಪ್ಪತ್ತಾರು ವರ್ಷ ನಂಬಿಕೊಂಡಿದ್ದೆ.

ಈಗ ಅವಳು ಸಿಪ್ಪೆ ಏಳುವ ನನ್ನ ಪಾದಕ್ಕೆ ಮುಲಾಮು ಸವರಿ
ತಮ್ಮನ ಹಳೇ ಹತ್ತಿ ಕಾಲುಚೀಲ ತೊಡಿಸುತ್ತಾಳೆ.
ನಿನ್ನೆ ತನ್ನ ಕೈಯನ್ನು ನನ್ನ ಕೈ ಪಕ್ಕ ಇಟ್ಟು
"ನೋಡಕ್ಕಾ, ಈಗ ಈ ಮನೆಯ ಬೊಳ್ಳಿ ನಾನೇ" ಅಂದಳು.
ಇಬ್ಬರೂ ನಕ್ಕೆವು.
ಅವಳು ಮೊದಲು ನಿಲ್ಲಿಸಿದಳು.

ಬುಧವಾರ, ಅಮ್ಮತ್ತಿ, ಅಕ್ಕಿ ಕೊಡುವ ಸೊಸೈಟಿ.
ಗಾಜಿನ ಮೇಲೆ ಹೆಬ್ಬೆರಳು. ಕೆಂಪು ದೀಪ.
ತೋರುಬೆರಳು. ಕೆಂಪು.
ಹತ್ತೂ ಬೆರಳು ನಯವಾಗಿ ಸವೆದು
ಯಾರದೂ ಅಲ್ಲದ ಬೆರಳು.
ಹುಡುಗ ಅಂಗಿಯ ತುದಿಯಲ್ಲಿ ಗಾಜು ಒರೆಸಿದ:
"ಕೈ ಒರೆಸಿ ಆಂಟಿ. ಕಾಚಂಪುಳಿ ಕಾಯಿಸಿ ಬಂದ್ರಾ?"
ಹೌದು ಎಂದೆ. ಅದೇ ಸುಲಭ.
ಪಣಪುಳಿಯ ರಸ ಕುದಿದು ಕುದಿದು ಕಪ್ಪಾಗುತ್ತದೆ,
ಹಾಗೆ ಕಪ್ಪಾದದ್ದು
ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.
ಇದನ್ನು ಅವನಿಗೆ ಹೇಳಲಿಲ್ಲ.

ಸಂದೇಶ ದೇಚುವಿನ ಮೊಬೈಲಿಗೆ ಬಂತು.
ಸಾಲಿಗೆಲ್ಲ ಕೇಳುವ ಹಾಗೆ
ಆರು ಅಂಕಿ ಓದಿದಳು, ಒಂದೊಂದಾಗಿ.
ಯಂತ್ರ ನನ್ನನ್ನು ನಂಬಿತು.

ಬಸ್ಸಿನಲ್ಲಿ ಅಕ್ಕಿ ಚೀಲದ ಮೇಲೆ ಕೈ ಇಟ್ಟು ಕೂತೆ.
ಉಗುರುಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ,
ಸುತ್ತಿಗೊಂದು. ಐದಿವೆ.
ಐದನೆಯದರ ಬುಡದಲ್ಲಿ ಮೂಡಿದ್ದು
ಬಿಳಿಯೋ, ಕಿಟಕಿಯ ಬೆಳಕೋ.
ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.