ಮೂವತ್ತೊಂದು ಗ್ರಾಂ, ಚಿಲ್ಲರೆ

ಅಕ್ಷಯ ತದಿಗೆಯ ದಿನ ಝವೇರಿ ಬಜಾರಿನಲ್ಲಿ
ಚಿನ್ನಕ್ಕೆ ನಿಂತ ಸಾಲು ಮುಂಬಾದೇವಿಯ ಬಾಗಿಲ ತನಕ.
ನಾನೊಬ್ಬಳು ಸಾಲಿಲ್ಲದ ಕಡೆ ನಿಂತಿದ್ದೆ,
ಧನಸುಖ ಪಾರೇಖರ ಗಲ್ಲಾದ ಎಡಕ್ಕೆ, ಫ್ಯಾನಿನ ಕೆಳಗೆ,
ಕೈಯಲ್ಲಿ ಭವಿಷ್ಯನಿಧಿಯ ಕೊನೆಯ ಚೆಕ್ಕು.

"ಪ್ಲಾಟಿನಂ ಬೇಡ ಬೇನ್," ಎಂದರು.
"ಸಾವಿರಕ್ಕೆ ಮಾರುತ್ತೇವೆ, ನೀವೇ ತಿರುಗಿ ತಂದರೆ
ಎಂಟುನೂರು ಕೊಡುತ್ತೇವೆ."
ಮಾರುವವರೂ ಅವರೇ, ಎಚ್ಚರಿಸುವವರೂ ಅವರೇ.
ಆ ಮಾತಿಗೇ ಕೊಂಡೆ.

ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಔನ್ಸು.
ಬೆಳ್ಳಿಯ ಬಣ್ಣವೇ, ಬೆಳ್ಳಿಯ ನಗು ಇಲ್ಲ.
ಮೋಡ ಕವಿದ ಮಧ್ಯಾಹ್ನ ವರ್ಸೋವಾದ ಸಮುದ್ರ
ಇರುತ್ತದಲ್ಲ, ಆ ಬಿಳುಪು.
ಒಂದು ಬದಿ ರಾಣಿ. ಇನ್ನೊಂದು ಬದಿ
ಬಾತಿನ ಕೊಕ್ಕಿನ, ಮೊಟ್ಟೆಯಿಟ್ಟು ಹಾಲೂಡಿಸುವ ಪ್ರಾಣಿ.
ಇದನ್ನು ಯಾವ ಗುಂಪಿಗೆ ಸೇರಿಸುವುದೆಂದು
ಪಂಡಿತರು ವರ್ಷಗಟ್ಟಲೆ ಜಗಳಾಡಿದರಂತೆ.
ಮದುವೆಯ ಮನೆಗಳಲ್ಲಿ ನನ್ನನ್ನು ಯಾವ ಪಂಕ್ತಿಯಲ್ಲಿ
ಕೂರಿಸುವುದೆಂದು ಜಗಳಾಡುವ ಹಾಗೆ.

ಮೂವತ್ತೆರಡು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು
ಬೇರೆಯವರ ಮಾತಿಗೆ ಬೇರೆಯವರ ಕಿವಿ ಜೋಡಿಸಿದವಳು ನಾನು.
ನಿವೃತ್ತಿಯ ಮೇಲೆ ವರ್ಷಕ್ಕೊಂದು ಬಿಲ್ಲೆ, ಒಟ್ಟು ಒಂಬತ್ತು,
ಡೊಂಬಿವಲಿಯ ಅಡುಗೆಮನೆಯಲ್ಲಿ, ಉದ್ದಿನಬೇಳೆಯ ಡಬ್ಬದ ತಳದಲ್ಲಿ.
ಹಳೆಯ ಡ್ಯೂಟಿ ರಿಜಿಸ್ಟರಿನಲ್ಲಿ ಸೋಮವಾರದ ದರ ಬರೆಯುತ್ತೇನೆ,
ಏರಿದರೆ ನೀಲಿ, ಇಳಿದರೆ ಕೆಂಪು.
ಕೆಂಪು ಪೆನ್ನು ಎರಡು ಮುಗಿದವು.
ನೀಲಿಯದು ಇನ್ನೂ ಅರ್ಧ ಇದೆ.

"ಕೊರಳಿಗೆ ಹಾಕೋಕಾಗತ್ತಾ? ಅಡ ಇಡೋಕಾಗತ್ತಾ?"
ತಂಗಿ ಶಶಿಪ್ರಭೆ ಘಾಟ್‌ಕೋಪರಿನಿಂದ ಕೇಳುತ್ತಾಳೆ.
ಅವಳ ನಾಲ್ಕು ಬಳೆ ಕೂತಲ್ಲೇ ಮೂರು ಪಟ್ಟಾದವು.
ನನ್ನ ಒಂಬತ್ತು ಬಿಲ್ಲೆ ಕೂತಲ್ಲೇ ಕೂತವು.

ಈ ಮಾರ್ಚಿನಲ್ಲಿ ಅವಳ ಮಗಳ ನಿಶ್ಚಿತಾರ್ಥ.
ಒಂದು ಉಂಗುರವಾದರೂ ಆಗಲಿ ಎಂದು
ಹಳೆಯದೊಂದನ್ನು ಆರಿಸಿ ಒಯ್ದೆ,
ಕಾಳಬಾದೇವಿಯ ಓಣಿ, ಮರದ ಏಣಿ, ಮೂರನೆಯ ಅಟ್ಟ.
ನಿತಾಯ್ ಸಾಂತ್ರಾ ಬನಿಯನ್ನಿನಲ್ಲಿ ಕೂತು
ಯಾರದೋ ತಾಳಿಯನ್ನು ಬೆಣ್ಣೆ ಮಾಡುತ್ತಿದ್ದ.
ಅದೇ ಇಟ್ಟಿಗೆಯ ಮೇಲೆ ನನ್ನದನ್ನಿಟ್ಟ.
ಕೆಂಪಾಯಿತು. ಹಳದಿಯಾಯಿತು. ಆಮೇಲೆ
ನೋಡಲಾಗದಷ್ಟು ಬೆಳ್ಳಗಾಯಿತು.
ನಾನು ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ.
ಒಲೆ ಸುಮ್ಮನಾದ ಮೇಲೆ ನೋಡಿದರೆ
ಬೆಳಿಗ್ಗೆಯ ಬಿಲ್ಲೆಯೇ. ರಾಣಿಯ ಮೂಗು ಮೂಗಿದ್ದಲ್ಲೇ,
ಪ್ರಾಣಿ ಈಜುತ್ತಲೇ ಇದೆ.
"ಇದರ ಬೆಂಕಿ ಬೇರೆ, ದೀದಿ. ನನ್ನ ಹತ್ತಿರ ಇಲ್ಲ,"
ಎಂದು ನಿತಾಯ್ ಬೆವರು ಒರೆಸಿದ. ಕೂಲಿ ಮುಟ್ಟಲಿಲ್ಲ.

ಕೆಳಗೆ ಪಾರೇಖರಿಗೆ ಗೋಳು ಹೇಳಿದರೆ
"ಡಬ್ಬಿ ಒಡೆದಿರಾ? ಇನ್ನೂ ನೂರು ಕಮ್ಮಿ," ಎಂದರು,
ಚಹಾ ತರಿಸಿದರು.

ಮಸ್ಜಿದ್ ಸ್ಟೇಷನ್ನಿನಲ್ಲಿ ತೂಕದ ಯಂತ್ರ
ಬಣ್ಣದ ದೀಪ ತಿರುಗಿಸುತ್ತ ಕರೆಯಿತು.
ಎರಡು ರೂಪಾಯಿ ಹಾಕಿ ನಿಂತೆ: ಐವತ್ತೆಂಟು.
ಬಿಲ್ಲೆಯನ್ನು ಪಕ್ಕದ ಗಜರೆ ಮಾರುವ ಹುಡುಗಿಗೆ ಹಿಡಿಸಿ
ಮತ್ತೆ ನಿಂತೆ: ಐವತ್ತೆಂಟು.
ಚೀಟಿಯ ಹಿಂದೆ, ಹಿಂದಿಯಲ್ಲಿ, ನಿಮ್ಮದು ಶಾಂತ ಸ್ವಭಾವ.

"ಇದು ಹಂದಿಯಾ, ಬಾತಾ, ಮೌಶಿ?"
ಹುಡುಗಿ ತಿರುಗಿಸಿ ತಿರುಗಿಸಿ ನೋಡಿದಳು.
ಎರಡೂ ಅಲ್ಲ ಎಂದೆ.
"ಇಲ್ಲಿ ನಡೆಯುತ್ತಾ?"
ನಡೆಯಲ್ಲ ಎಂದೆ.
ಅಯ್ಯೋ ಪಾಪ ಎಂಬಂತೆ ಹಿಂದಕ್ಕೆ ಕೊಟ್ಟಳು.
ಅವಳ ಅಂಗೈಯ ಒದ್ದೆ, ಒಂದು ಮೊಗ್ಗಿನ ಸಿಪ್ಪೆ
ರಾಣಿಯ ಕೆನ್ನೆಗೆ ಅಂಟಿತ್ತು.

ಸ್ಲೋ ಲೋಕಲ್ ಬಂತು. ಒರೆಸದೆ ಹತ್ತಿದೆ.